ಏಳನೆಯ ಕಾಲಂ

ಏಳನೆಯ ಕಾಲಂ: ಹುಟ್ಟಿದ ಊರು.
ಇಪ್ಪತ್ತಾರು ವರ್ಷದಿಂದ ಇದನ್ನೇ ತುಂಬಿಸುತ್ತಿದ್ದೇನೆ
ನಿಕೋಸಿಯಾದ ಬಡಗಣ ಅರ್ಧದಲ್ಲಿ,
ಬೀದಿ ನಡುವೆಯೇ ಮುಗಿದು ಮರಳುಮೂಟೆ ಶುರುವಾಗುವಲ್ಲಿಂದ
ನಾಲ್ಕೇ ಕಟ್ಟಡ ಈಚೆ.

ಇವತ್ತು ಷರಾಫೆತ್ತಿನ್ ಬಂದಿದ್ದಾನೆ, ಎಂಬತ್ತೊಂದು.
ತೋಳು ಹಿಡಿದು ಕರೆತಂದವಳು ಓಗುಲ್‌ಗೆರೆಕ್, ತುರ್ಕ್‌ಮೆನ್ ಸೀಮೆಯವಳು,
ಹನ್ನೊಂದು ವರ್ಷದಿಂದ ಅವನ ಮನೆಯ ಆಳು.
ನನ್ನ ಭಾಷೆಗೂ ತಿಳಿಯುತ್ತದೆ ಆ ಹೆಸರು: ಗಂಡು ಬೇಕಿತ್ತು.
ಹುಟ್ಟಿದ ದಿನವೇ ತಿರಸ್ಕೃತವಾದ ಅರ್ಜಿ.

"ನನಗೆ ಕೊಟ್ಟದ್ದು ಹಡಗುಕಟ್ಟೆಯಲ್ಲೇ," ಅನ್ನುತ್ತಾನೆ ಮುದುಕ,
"ಎಪ್ಪತ್ತೈದರಲ್ಲಿ, ಒಂದು ಲೋಟ ಚಹಾ ಆರುವಷ್ಟರಲ್ಲಿ.
ಟೋಪಿಯೊಳಗೆ ಕೈ ಹಾಕು ಅಂದರು, ಹಾಕಿದೆ.
ಚೀಟಿ ಬಂತು. ಚೀಟಿಯಲ್ಲಿ ಮನೆ ಬಂತು."
ಕಪ್ಪು ಸಮುದ್ರದ ಬೆಟ್ಟದವನು; ಕ್ಯಾರಬ್ ಮರ ಕಂಡವನಲ್ಲ,
ಮೊದಲ ಚಳಿಗೆ ಮೂರನ್ನು ಕಡಿದು ಒಲೆಗೆ ಒಟ್ಟಿದ.
ಬಾವಿಕಟ್ಟೆಯ ಮೇಲೆ ಗ್ರೀಕ್ ಅಕ್ಷರ.
ಓದಲು ಬಾರದ್ದು ಒಳ್ಳೆಯದೇ ಆಯಿತು
ನೀರು ಸೇದುವುದಕ್ಕೆ.

ಗಡಿ ತೆರೆದ ವರ್ಷ ಎವ್ದೋಕಿಯಾ ಎಂಬಾಕೆ ಬಂದು
ಬೆರಳಿಟ್ಟು ಓದಿದಳಂತೆ: ಲೊಯಿಜೋಸ್. ನಮ್ಮಪ್ಪ.
ಒಂದು ಬಾಟಲಿ ನೀರು ತುಂಬಿಕೊಂಡು ಹೋದಳಂತೆ.
ಅಂದಿನಿಂದ ಕೊಡ ಇಳಿಬಿಡುವಾಗ
ಅವನಿಗೆ ಆ ಹೆಸರು ಹೇಳದೆ ಆಗುವುದಿಲ್ಲ.

ನಾನು? ನಾನು ಈ ದ್ವೀಪದವಳೇ, ಅಪ್ಪಟ.
ಆದರೆ ತೆಂಕಣ ತುದಿಯ ಪಾಫೋಸ್ ಕಡೆಯವಳು,
ಆರರ ವಯಸ್ಸಿಗೆ ಲಾರಿ ಹತ್ತಿ ಬಂದು
ಯಾರದೋ ಮಂಚದ ಮೇಲೆ ಎತ್ತರವಾದವಳು.
ನಮ್ಮವರು ಊಟಕ್ಕೆ ಕೂತಾಗಲೆಲ್ಲ ಅದೇ ಮಾತು:
ನಾವು ಕರಗಿದೆವು, ಇವರು ತುಂಬಿದರು.
ನಾನೂ ಆಡಿದ್ದೇನೆ, ಆಲಿವ್ ಬೀಜ ಉಗಿಯುತ್ತ.
ಚುನಾವಣೆಯ ಹಿಂದಿನ ವಾರ ಕಟ್ಟುಗಟ್ಟಲೆ ಕಡತ ಬಂದಾಗ
ರಾತ್ರಿ ಹತ್ತರವರೆಗೆ ಮೊಹರು ಒತ್ತಿದ್ದೇನೆ, ಶಪಿಸುತ್ತ,
ಒಂದು ಹೆಸರನ್ನೂ ಪೂರ್ತಿ ಓದದೆ.

ಇವಳದನ್ನು ಮಾತ್ರ ಓದಬೇಕಾಗಿದೆ.
ಪರವಾನಗಿಯಲ್ಲಿ ನಲವತ್ತು ದಿನದ ತೂತು.
"ಅಮ್ಮ ತೀರಿಕೊಂಡಿದ್ದರು," ಅನ್ನುತ್ತಾಳೆ, "ಇವರ ಹೆಂಡತಿ.
ಮೈ ತೊಳೆದವಳು ನಾನೇ. ಆಮೇಲೆ ನಲವತ್ತರವರೆಗೆ
ಹಲ್ವಾ ಹುರಿಯಬೇಕಿತ್ತು, ಜನ ಬರುತ್ತಿದ್ದರು,
ಕಚೇರಿಗೆ ಹೋಗಲಾಗಲಿಲ್ಲ."
ಹಲ್ವಾಕ್ಕೆ ನನ್ನ ಬಳಿ ಕಾಲಂ ಇಲ್ಲ.

"ನನ್ನದನ್ನು ಇವಳ ಹೆಸರಿಗೆ ಬರೆ," ಮುದುಕನ ಹಠ.
"ಹಾಗೆಲ್ಲ ಬರುವುದಿಲ್ಲ ಅಜ್ಜ."
"ಯಾಕೆ? ಮನೆ ಬಂತಲ್ಲ?"

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ,
ಅನ್ನುತ್ತಾರೆ. ಬಂದಳು. ಸೇದಿದಳು. ಸೇದಿ ಕೊಟ್ಟಳು.
ನೀರು ಯಾರದೆಂದು ಯಾರು ಬರೆಯಬೇಕು?
ಬಾವಿ ಅಗೆದವನ ಮಗಳು ಬಾಟಲಿ ಹಿಡಿದು
ತಪಾಸಣೆಯ ಗೇಟಿನಾಚೆ.

ಕೆಮ್ಮು ಬಂತು ನನಗೆ. ಓಗುಲ್‌ಗೆರೆಕ್ ಚೀಲ ತೆರೆದು
ಬಾಟಲಿ ಚಾಚಿದಳು. ಮನೆಯದೇ, ಅಂದಳು.
ಕುಡಿದೆ. ತುಸು ಉಪ್ಪು.
ಕಡತವನ್ನು ಎಡಕ್ಕಿಟ್ಟೆ, ಬಲಕ್ಕಿಟ್ಟೆ,
ಮತ್ತೆ ಮೇಜಿನ ನಡುವೆ.
ಸೋಮವಾರ ಬನ್ನಿ, ಅಂದೆ,
ಇಬ್ಬರೂ.