ಹನ್ನೊಂದು ಕೋಣೆ, ಒಂದು ಕುರ್ಚಿ

ಬೆಳಗಿನ ಎಂಟಾದರೂ ಕ್ಲೈಪೆಡಾ ಬಂದರಿನಲ್ಲಿ
ದೀಪ ಆರಿರಲಿಲ್ಲ. ಮೀನಿನ ಶೈತ್ಯಾಗಾರದ ಮೂರನೇ ಮಹಡಿ.
ಡಾಂಗುವೊಲೆ ಕೋಟು ತೂಗುಹಾಕಿ
ನನ್ನತ್ತ ಒಂದು ಸ್ಟೂಲು ದಬ್ಬಿದಳು:
"ಕೂತು ನೋಡಿ. ಮಾತು ಬೇಡ."

ನೋಡಲೆಂದೇ ಬಂದವನು ನಾನು,
ವಿಲ್ನಿಯಸ್ಸಿನಿಂದ ನಾಲ್ಕು ಗಂಟೆ ರೈಲು,
ಚೀಲದಲ್ಲಿ ನಾನೇ ಬಿಡಿಸಿದ ಇಪ್ಪತ್ತಾರು ಪರದೆ.
ಎಡಕ್ಕೊಂದು ಪಟ್ಟಿ, ಪಟ್ಟಿಯಲ್ಲಿ ಹನ್ನೊಂದು ಕಂಪನಿ,
ಹೆಸರು ಒತ್ತಿದರೆ ಸಾಕು, ವರ್ಕ್‌ಸ್ಪೇಸ್ ಬದಲು.
ಬಾಗಿಲು ಕಿರ್ರೆನ್ನುವುದಿಲ್ಲ,
ಹೊಸ್ತಿಲು ಕಾಲಿಗೆ ತಾಗುವುದಿಲ್ಲ.
ರಿಮ್ವಿದಸನ ಮುಂದೆ, ಇಡೀ ತಂಡದ ಮುಂದೆ,
ಎದೆಯುಬ್ಬಿಸಿ ಹೇಳಿದ್ದೆ: ತಡೆಯೇ ಇಲ್ಲ.

ತಡೆಯೇ ಇಲ್ಲದ ಆ ದಾರಿಯಲ್ಲಿ
ನವೆಂಬರಿನ ಒಂದು ಸಂಜೆ ಡಾಂಗುವೊಲೆ
ಗ್ಡಿನಿಯಾದಲ್ಲಿದ್ದೇನೆ ಎಂದುಕೊಂಡು
ಲಿಯೆಪಾಯಾದ ಅಮೋನಿಯಾ ತಪಾಸಣೆಗೆ
"ಲೋಪವಿಲ್ಲ" ಎಂದು ರುಜು ಹಾಕಿದಳು.
ಎರಡೂ ಪರದೆ ಒಂದೇ ಬಿಳುಪು. ಅವಳಿ ಮಕ್ಕಳು.
ಹೆತ್ತವನು ನಾನು.

ಅಂದಿನಿಂದ ಮಾನಿಟರಿನ ಅಂಚಿಗೆ
ಬಟ್ಟೆ ಒಣಹಾಕುವ ಹನ್ನೊಂದು ಮರದ ಕ್ಲಿಪ್ಪು,
ಪ್ರತಿಯೊಂದಕ್ಕೂ ಬೇರೆ ಬಣ್ಣದ ಉಣ್ಣೆದಾರ:
ಕಾಲುಚೀಲ ಹೆಣೆದು ಉಳಿದದ್ದು.
ಕೋಣೆ ಬದಲಿಸುವ ಮುನ್ನ ಒಂದನ್ನು ಕಿತ್ತು
ತನ್ನ ತೋಳಿಗೆ ಸಿಕ್ಕಿಸಿಕೊಳ್ಳುತ್ತಾಳೆ.
ಕೆಂಪು, ಲಿಯೆಪಾಯಾ. ಬೂದಿ, ಗ್ಡಿನಿಯಾ.
ಒಮ್ಮೊಮ್ಮೆ ಊಟಕ್ಕೂ ಹಾಗೇ ಇಳಿಯುತ್ತಾಳಂತೆ,
ಕೆಳಗಿನವರು ನಗುತ್ತಾರಂತೆ,
ಇವತ್ತು ಯಾವ ಊರಮ್ಮಾ ಎಂದು.

ಹನ್ನೊಂದು ಹತ್ತಕ್ಕೆ ಕಪ್ಪು ದಾರ ಕಿತ್ತಳು.
"ಈಗ ಕಿಟಕಿಯ ಕಡೆ ನೋಡಿ."
ಒಂಬತ್ತನೆಯದು ದೂರುಗಳ ಕೋಣೆ.
ಉಳಿದವರ ಪಟ್ಟಿಯಲ್ಲಿ ಅದರ ಹೆಸರೂ ಕಾಣದು,
ಇದೆ ಎಂಬುದೇ ತಿಳಿಯದು.
ಗೋಡೆಗೂ ಕಿವಿ ಉಂಟು ಎನ್ನುತ್ತಾರಲ್ಲ,
ನನ್ನ ಗೋಡೆಗಿಲ್ಲ. ಆರು ವಾರ ಪರೀಕ್ಷೆ ಮಾಡಿದ್ದೇವೆ.

ಕಿಟಕಿಯಾಚೆ ಕ್ರೇನೊಂದು ಖಾಲಿ ಕೈ ಎತ್ತಿ ನಿಂತಿತ್ತು.
ಮರಳುದಂಡೆಯ ದೋಣಿ ಹೊರಟಿತ್ತು.
ಬೆನ್ನ ಹಿಂದೆ ಕೀಲಿಗಳ ಸದ್ದು, ಆಮೇಲೆ ಸದ್ದಿಲ್ಲ,
ಬಹಳ ಹೊತ್ತು ಸದ್ದಿಲ್ಲ.

ಆಗಲೇ ಬಂದ, ನಾಲ್ಕನೇ ಗೋದಾಮಿನ ವೈದೊತಸ್,
ಎತ್ತರದ ಆಳು, ಮೀಸೆಯಲ್ಲಿ ಹಿಮ.
ಶುಕ್ರವಾರವಲ್ಲವೇ, ಕಾಗದದಲ್ಲಿ ಸುತ್ತಿದ ಹೊಗೆಮೀನು.
ನನಗೂ ಒಂದು, ಅತಿಥಿಯೆಂದು.
ಡಾಂಗುವೊಲೆಯ ಕೈ ಮೆಲ್ಲಗೆ ಹೋಗಿ
ಪರದೆಯ ಗುಂಡಿ ಒತ್ತಿತು.
ಮೊಮ್ಮಗಳ ಹಲ್ಲು ಬಂತೇ ಎಂದು ಕೇಳಿದಳು.
ಎರಡು ಬಂತು ಎಂದು ಬೆರಳು ತೋರಿಸಿದ.

ಅವನು ಹೋದ ಮೇಲೆ ನಾನು ಏನೂ ಕೇಳಲಿಲ್ಲ.
ಅವಳು ಏನೂ ಹೇಳಲಿಲ್ಲ. ಅವನಿಗೂ ಒಂಬತ್ತಕ್ಕೂ
ಸಂಬಂಧ ಇರಬಹುದು, ಇಲ್ಲದಿರಬಹುದು.
ನಾವು ಗೋಡೆ ಎಬ್ಬಿಸಿದ್ದು ಕೋಣೆಗಳ ನಡುವೆ;
ಅವಳ ತಲೆಯೊಳಗೆ ಒಂದು ಇಟ್ಟಿಗೆಯೂ ಹೋಗಿರಲಿಲ್ಲ.

ಒಂದೇ ಒಂದು ಕೇಳಿದಳು, ಮೀನು ತೋರಿಸಿ:
"ಉಡುಗೊರೆ ಪುಸ್ತಕದಲ್ಲಿ ದಾಖಲಿಸಬೇಕು. ನಾಲ್ಕು ಯೂರೋ.
ಮೂರನೆಯ ಕೋಣೆಯಲ್ಲಿ ಬರೆದರೆ ಎಲ್ಲರಂತೆ ಒಂದು ಮೀನು.
ಒಂಬತ್ತರಲ್ಲಿ ಬರೆದರೆ..."
ಮಾತು ಅಲ್ಲೇ ಬಿಟ್ಟು ಕಪ್ಪು ಕ್ಲಿಪ್ಪನ್ನು
ತೋಳಿನಿಂದ ತೆಗೆದು ಅಂಗೈಯಲ್ಲಿ ಹಿಡಿದಳು.
ಇಪ್ಪತ್ತಾರು ಪರದೆಯ ಯಾವುದರಲ್ಲೂ
ಆ ಅಂಗೈಗೆ ಜಾಗವಿರಲಿಲ್ಲ.

ಮರಳುವ ರೈಲಿನಲ್ಲಿ ಹೊಸ್ತಿಲು ಬಿಡಿಸಿದೆ.
ಒಂದು ಕ್ಷಣ ತಡೆ, ಪರದೆ ತುಂಬ ಕೋಣೆಯ ಬಣ್ಣ,
ರುಜುವಿಗೆ ಮುಂಚೆ ಊರಿನ ಹೆಸರು
ಕೈಯಾರೆ ಬರೆಯಬೇಕು.
ಬೇಕೆಂದೇ ಯಾಕೆ ನಿಧಾನ, ಎಂದ ರಿಮ್ವಿದಸ್.
ಎಡವಲಿ ಎಂದು, ಎಂದೆ.

ಫೆಬ್ರವರಿಯಲ್ಲಿ ಅವಳ ಪತ್ರ, ಎರಡು ಸಾಲು:
ಬಣ್ಣಗಳು ಚೆನ್ನಾಗಿವೆ, ಧನ್ಯವಾದ.
ಕ್ಲಿಪ್ಪುಗಳನ್ನು ತೆಗೆದಿಲ್ಲ.

ಆ ಮೀನು? ನನ್ನ ಪಾಲಿನದು?
ರೈಲಿನಲ್ಲೇ ತಿಂದೆ.
ಆಮೇಲೆ ನೆನಪಾಯಿತು, ಎಲ್ಲೂ ಬರೆದಿಲ್ಲ.