ದೀಪದ ಬಳೆ

ಗುಳೇದಗುಡ್ಡದ ಗ್ಯಾನಪ್ಪ ಕಾಕಾನಿಗೆ
ಕಣ್ಣಿಗೆ ಬಿದ್ದದ್ದೆಲ್ಲ ಖಣವೇ.
ಸೀತಾಫಲ ತಂದುಕೊಟ್ಟರೆ ತಿನ್ನುವುದಿಲ್ಲ,
ತಿರುವಿ ತಿರುವಿ ಕಣ್ಣು ಎಣಿಸುತ್ತಾನೆ.
"ಒಂದು ಸಾಲು ಬಿಟ್ಟು ಒಂದು ಸಾಲು ಜರಗೇದ, ನೋಡು."
ಅಷ್ಟೊತ್ತಿಗೆ ಹಣ್ಣು ಕೈಯಲ್ಲೇ ಒಡೆದು
ಗ್ರಾಫ್ ಹಾಳೆಯ ಮೇಲೆ ಬೀಜ.

ನಾನು ಕಾರ್ಡಿಗೆ ತೂತು ಹೊಡೆಯುವವಳು.
ಅವನು ತುಂಬಿದ ಮನೆಗೆ ತೂತು, ಖಾಲಿ ಮನೆಗಿಲ್ಲ.
ಹನ್ನೊಂದು ವರ್ಷದಿಂದ
ಇಷ್ಟೇ ಓದು, ಇಷ್ಟೇ ಬರಹ ನನ್ನದು.

ಎರಿಹೊಲದಲ್ಲಿ ಟ್ರ್ಯಾಕ್ಟರ್ ಗಾಲಿ ಒತ್ತಿದ ಗುರುತನ್ನು
ದಾರ ಇಟ್ಟು ಅಳೆದು ತಂದಿದ್ದ ಒಂದು ಸಲ.
ಮೇಣಬಸದಿಯಲ್ಲಿ ಎಲ್ಲರೂ ದೇವರನ್ನು ನೋಡುವಾಗ
ಕುತ್ತಿಗೆ ಎತ್ತಿ ಛತ್ತು ನೋಡುತ್ತ ನೋಡುತ್ತ
ಹಿಂದಿದ್ದ ಹುಡುಗನ ಕಾಲು ತುಳಿದ.
ಹೊಲಿಗೆ ಮಷೀನಿನ ಕ್ಯಾಲೆಂಡರಿನಲ್ಲಿ ಜಪಾನಿನದೊಂದು ಅಲೆ.
ಅವನ ಗೋಡೆಯ ಮೇಲೆ ಇನ್ನೂ ಅದೇ ಜೂನ್.

ದಸ್ತಗೀರನ ಮಾವ ಮಸ್ಕತ್ತಿನಿಂದ ತಂದ ಡಬ್ಬಿ:
ಖರ್ಜೂರ ಓಣಿಗೆಲ್ಲ ಹಂಚಿದರು, ಇವನು ಮುಚ್ಚಳ ಇಸಕೊಂಡ.
ಎಂಟು ಮೂಲೆಯ ಚುಕ್ಕಿ, ಚುಕ್ಕಿಯ ಕೈ ಹಿಡಿದು ಚುಕ್ಕಿ.
"ಇದನ್ನ ಬರದಾವನೂ ನಮ್ಮಂಗ ಮನಿ ಎಣಸ್ಯಾನ" ಎಂದು
ಕಾಣದ ಊರಿನ ಕಾಣದ ಕೈಗೆ
ಒಂದು ಚಹಾ ಹೆಚ್ಚಿಗೆ ಹೇಳಿದ.
ಅದು ಆರಿತು. ನಾನೇ ಕುಡಿದೆ.

ಗುಂಡಗಿನದು ಮಾತ್ರ ಅವನಿಗೆ ಆಗಿಬರುತ್ತಿರಲಿಲ್ಲ.
ಗ್ರಾಫಿನಲ್ಲಿ ಗುಂಡು ಎಂಬುದೇ ಇಲ್ಲ;
ಚಂದ್ರನೂ ಮೆಟ್ಟಿಲು ಹತ್ತಿ, ಮೆಟ್ಟಿಲು ಇಳಿದೇ ತುಂಬಬೇಕು.
"ಹತ್ರ ಬಂದವರಿಗೆ ಪಾವಟಿಗಿ,
ದೂರ ನಿಂತವರಿಗೆ ಹುಣ್ಣಿಮಿ."

ಹೋದ ವರ್ಷ ಕಣ್ಣಿಗೆ ಪೊರೆ ಬಂತು.
ಮನೆಗಳು ಒಂದರೊಳಗೊಂದು ಹೊಕ್ಕವು.
ಒಂದು ಖಣದಲ್ಲಿ ಆನೆಗೆ ಐದು ಕಾಲು.
ಮಾಲೀಕ ಬಯ್ಯಲಿಲ್ಲ, ಅದೇ ಕೆಟ್ಟದ್ದು.
ಒಂದು ಸಂಜೆ ಕರೆಂಟು ಹೋಗಿ ಬಂದಾಗ
ಓಣಿಯ ಕಂಬ ನೋಡುತ್ತ ನಿಂತೇಬಿಟ್ಟ.
"ಏ ತಂಗಿ, ದೀಪಕ್ಕ ಬಳಿ ತೊಡಿಸ್ಯಾರ!
ಒಳಗ ಹಳದಿ, ಹೊರಗ ಕೆಂಪು, ಅಂಚಿಗೆ ಸಣ್ಣ ಸಣ್ಣ ಕೂದಲ."
ನನಗೆ ಕಂಡದ್ದು ಬಲ್ಬು. ಬಲ್ಬಿಗೆ ನಾಲ್ಕು ಹುಳ.

ಆಮೇಲೆ ಅವನು ಹೇಳಿದ, ನಾನು ಬರೆದೆ.
ಒಂಬತ್ತು ರಾತ್ರಿ, ಕಂಬದ ಕೆಳಗೆ ಕುರ್ಚಿ ಹಾಕಿಕೊಂಡು.
"ಇನ್ನೂ ಮೆತ್ತಗ ಮಾಡು."
ಪೆನ್ಸಿಲ್ ಮೆತ್ತಗಾಗುತ್ತದೆ ಕಾಕಾ, ತೂತು ಹೇಗೆ ಆದೀತು?
"ಹಂಗಾರ ಒಂದು ಮನಿ ತುಂಬು, ಒಂದು ಬಿಡು,
ಮತ್ತ ಒಂದು ತುಂಬು, ಎರಡು ಬಿಡು.
ಉಳದದ್ದು ನೋಡಾವರ ಕಣ್ಣು ಮಾಡ್ತದ."
ಬಿಡುತ್ತ ಬಿಡುತ್ತ ಹೊಳೆಯಿತು,
ಇಷ್ಟು ವರ್ಷ ಖಾಲಿ ಮನೆಯ ಕಡೆ
ನಾನು ನೋಡಿಯೇ ಇರಲಿಲ್ಲ.

ಬಾಗಲಕೋಟೆಯಲ್ಲಿ ಆಪರೇಶನ್ ಆಯಿತು.
ಹಸಿರು ಪಟ್ಟಿ ಬಿಚ್ಚಿ ಊರಿಗೆ ಬಂದ ಸಂಜೆ
ಮೊದಲು ನೋಡಿದ್ದು ಕಂಬವನ್ನು.
ಬಲ್ಬು. ಹುಳ.
ಏನೂ ಅನ್ನಲಿಲ್ಲ. ಒಳಗೆ ಹೋಗಿ
ಸೀತಾಫಲ ಕೇಳಿದ. ಈ ಸಲ ತಿಂದ.

ಖಣ ಮಗ್ಗದಿಂದ ಇಳಿಯಿತು.
ಅವನಿಟ್ಟ ಹೆಸರು ದೀಪದ ಬಳೆ.
ಇಳಕಲ್ಲಿನ ಅಂಗಡಿಯವನು ಚೀಟಿಯ ಮೇಲೆ ಬರೆದದ್ದು
ಚಕ್ಕಲಿ ಡಿಸೈನು.

ನಿನ್ನೆ ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ
ರೊಟ್ಟಿ ಬುಟ್ಟಿ ಇಳಿಸುತ್ತಿದ್ದವಳ ತೋಳಿನ ಮೇಲೆ ಕಂಡಿತು.
ಏನವ್ವಾ ಇದು, ಕುಬಸದ ಮ್ಯಾಲ?
ತೋಳು ತಿರುವಿ ನೋಡಿಕೊಂಡಳು, ಅದೇ ಮೊದಲ ಸಲ ಎಂಬಂತೆ.
"ಸೂರ್ಯಪಾನ ಹೂ ಅಲ್ಲೇನ್ರಿ?"
ಹೌದು ಅಂದೆ.
ನನಗೆ ಕಾಣುತ್ತಿದ್ದದ್ದು ಪಾವಟಿಗೆ,
ಪಾವಟಿಗೆಯ ಸಂದಿಯಲ್ಲಿ ನಾನು ಬಿಟ್ಟ ಮನೆ.
ಆಕೆಯ ಬಸ್ಸು ಬಂತು. ಬುಟ್ಟಿ ಹೊತ್ತು ನಡೆದಳು.
ಅಷ್ಟು ದೂರ ಹೋದ ಮೇಲೆ
ಗುಂಡಗಾಯಿತು.