ಹಲಗೆಯ ದಪ್ಪ

ಆ ವರ್ಷ ದವಾಖಾನೆಗೆ ಮೂರು ಹಲಗೆ ಮಾಡಿಕೊಟ್ಟೆ,
ನೀಲಗಿರಿ ಮರದವು, ಎರಡು ಬೇಸಗೆ ಒಣಗಿದ್ದು.
ಎರಡು ವರ್ಷ ತುಂಬದ ಕೂಸನ್ನು ಮಲಗಿಸಿಯೇ ಅಳೆಯಬೇಕಂತೆ:
ನೆತ್ತಿಗೊಂದು ನೆಟ್ಟ ಹಲಗೆ, ಅಂಗಾಲಿಗೊಂದು ಸರಿಯುವ ಹಲಗೆ,
ನಡುವೆ ಹಳದಿ ಟೇಪು.
ಶವಪೆಟ್ಟಿಗೆಗಿಂತ ಸುಲಭ ಬಿಡಮ್ಮ, ಅಂದೆ.
ನರ್ಸ್ ದೆಲ್ಮೀರಾ ನಗಲಿಲ್ಲ.

ಅಳೆಯುವುದನ್ನು ನೋಡಿದ್ದೇನೆ.
ತಾಯಿ ಕಿವಿಗಳ ಮೇಲೆ ಅಂಗೈಯಿಟ್ಟು ತಲೆ ಹಿಡಿಯುತ್ತಾಳೆ,
ನರ್ಸ್ ಮಂಡಿ ಒತ್ತುತ್ತಾಳೆ,
ಕೂಸು ಎದುರುಗುಡ್ಡಕ್ಕೆ ಕೇಳುವಂತೆ ಕಿರುಚುತ್ತದೆ,
ಆ ಕಿರುಚಾಟದೊಳಗೇ ಎಲ್ಲೋ ಒಂದು ಸಂಖ್ಯೆ
ಕ್ಷಣ ನಿಂತು ಸಿಕ್ಕುತ್ತದೆ.
ಆಮೇಲೆ ಕಾಗದದಲ್ಲಿ ಒಂದು ಚುಕ್ಕಿ.
ಚುಕ್ಕಿ ಕೆಂಪು ಗೆರೆಯ ಕೆಳಗಿದ್ದರೆ
ದೆಲ್ಮೀರಾ ಪೆನ್ನಿಟ್ಟು ಕೇಳುತ್ತಾಳೆ: ಮೊಟ್ಟೆ ಕೊಡ್ತಿದ್ದೀಯಾ?
ಕೊಡ್ತೀನಿ, ಅನ್ನುತ್ತಾರೆ ಎಲ್ಲರೂ.
ಮೊಟ್ಟೆ ಭಾನುವಾರದ ಸಂತೆಗೆ ಹೋಗುವುದು ಅವಳಿಗೂ ಗೊತ್ತು.

ಆ ವರ್ಷ ನಮ್ಮ ಕಣಿವೆಯ ಕೂಸುಗಳು ಬೆಳೆದವು.
ಉವಾಂಕಾವೆಲಿಕಾದಿಂದ ಜೀಪು ಬಂತು, ಫೋಟೊ ತೆಗೆದರು.
ಸತುರ್ನೀನಾಳ ಮಗಳು ನೈದಾ,
ಹುಟ್ಟಿದಾಗಿನಿಂದ ಕೆಮ್ಮುತ್ತಿದ್ದವಳು,
ಕೆಂಪು ಗೆರೆ ದಾಟಿದಳು.
ಕೂದಲೆಳೆಯಷ್ಟು. ಆದರೂ ದಾಟಿದಳು.
ಸತುರ್ನೀನಾ ಆ ಕಾಗದ ಮಡಿಸಿ
ಟೋಪಿಯೊಳಗಿಟ್ಟುಕೊಂಡು ಊರ ನಡುವೆಯೇ ನಡೆದಳು.

ಜೂನ್, ನೀರು ಹೆಪ್ಪುಗಟ್ಟುವ ತಿಂಗಳು,
ಲೀಮಾದಿಂದ ಒಬ್ಬ ಹುಡುಗ ಬಂದ. ಕೈಯಲ್ಲೊಂದು ಕಬ್ಬಿಣದ ಸರಳು,
ಸರಿಯಾಗಿ ಎಪ್ಪತ್ತು ಸೆಂಟಿಮೀಟರು.
ನನ್ನ ಹಲಗೆಯಲ್ಲಿ ಅದನ್ನು ಮಲಗಿಸಿದ, ಮೆಲ್ಲಗೆ, ಕೂಸಿನ ಹಾಗೆ.
ಎಪ್ಪತ್ತೊಂದು ಮುಕ್ಕಾಲು.
ಕಬ್ಬಿಣ ಬೆಳೆಯುವುದಿಲ್ಲ.

ಟೇಪು ಎಲ್ಲಿಂದ ಅಂಟಿಸಿದೆ, ಅಂದ.
ತುದಿಯಿಂದ.
ತುದಿ ಅಂದರೆ ಮರದ ತುದಿ; ಬಡಗಿಗೆ ಬೇರೆ ತುದಿ ಗೊತ್ತಿಲ್ಲ.
ತಲೆಹಲಗೆಯ ದಪ್ಪ, ಒಂದು ಬೆರಳು,
ಪ್ರತಿ ಕೂಸಿನ ನೆತ್ತಿಗೂ ಸೇರಿಹೋಗಿತ್ತು.

ರಾತ್ರಿ ಟೇಪು ಕಿತ್ತು ಮತ್ತೆ ಅಂಟಿಸಿದೆ.
ದೀಪದ ಬೆಳಕಿಗೆ ದೆಲ್ಮೀರಾ
ಚುಕ್ಕಿ ಅಳಿಸಿ ಕೆಳಗೊಂದು ಇಡುತ್ತ, ಅಳಿಸಿ ಇಡುತ್ತ ಕೂತಳು.
ನೂರ ಹದಿನಾಲ್ಕು ಕೂಸುಗಳು
ನಿದ್ದೆಯಲ್ಲೇ ಕುಗ್ಗಿದವು, ಒಂದೂ ಅಳಲಿಲ್ಲ.

ಸತುರ್ನೀನಾಗೆ ನಾನೇ ಹೇಳ್ತೀನಿ ಅಂದಿದ್ದೆ.
ಹಿಮ ಕಚ್ಚಿದ ಆಲೂಗಡ್ಡೆಗಳನ್ನು ಬರಿಗಾಲಲ್ಲಿ ತುಳಿಯುತ್ತಿದ್ದಳು.
ಕೇಳಿಸಿಕೊಂಡಳು. ತುಳಿಯುವುದು ನಿಲ್ಲಿಸಲಿಲ್ಲ.
ಬೆನ್ನ ಗಂಟಿನಿಂದ ನೈದಾ ನನ್ನನ್ನೇ ನೋಡುತ್ತಿದ್ದಳು,
ಬಾಯಲ್ಲಿ ತಾಯಿಯ ಜಡೆಯ ತುದಿ.

‘ಮೊಟ್ಟೆ ಮಾರೋದು ಬಿಟ್ಟಿದ್ದೆ,’ ಅಂದಳು ಕೊನೆಗೆ,
‘ದಿನಾ ಒಂದು, ಇವಳಿಗೇ.
ಗೆರೆ ದಾಟಿದಳಲ್ಲ ಅಂತ ಮತ್ತೆ ಸಂತೆಗೆ ಒಯ್ದೆ.’

ಕಾಲ ಕೆಳಗೆ ಆಲೂಗಡ್ಡೆ ನೀರು ಬಿಡುತ್ತಿತ್ತು.

‘ಎಲ್ಯೂಟೇರಿಯೊ, ನೀನು ಅಳತೆಯವನು, ಹೇಳು,
ಒಂದು ಬೆರಳಿಗೆ ಎಷ್ಟು ಮೊಟ್ಟೆ?’

ಕೈ ತಾನಾಗಿ ಜೇಬಿನ ಮಡಿಸುವ ಅಳತೆಗೋಲಿಗೆ ಹೋಯಿತು, ಅಭ್ಯಾಸ.
ಅಲ್ಲೇ ಉಳಿಯಿತು.